ವಯಸ್ಸಾದವರ ಅಸೆಸ್‌ಮೆಂಟ್‌ನಲ್ಲಿ ನೀವು ಮೊದಲು ಏನು ನೋಡುತ್ತೀರಿ? ನಾನೊಂದು ದೊಡ್ಡ ವಿಷಯ ತಪ್ಪಿಸಿಕೊಂಡೆ

ಎರಡನೇ ವರ್ಷದ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಸೇರಿ ಇದು ಎರಡನೇ ವರ್ಷ, ಮೆಡಿಕಲ್ ವಾರ್ಡ್. ಒಂದು ವಿಷಯ ಹೇಳಿಕೊಳ್ಳಬೇಕು. ಬೈದರೂ ಪರವಾಗಿಲ್ಲ.

ಎಂಬತ್ತು ದಾಟಿದ ಅಜ್ಜಿ. ನ್ಯುಮೋನಿಯಾ ಅಂತ ಸೇರಿದ್ದರು, ವಾಸಿಯಾಗುತ್ತಾ ಇತ್ತು. ಮೊದಲ ಎರಡು ದಿನ ನನ್ನ ಹತ್ತಿರ ಚೆನ್ನಾಗಿ ಮಾತಾಡಿದ್ದರು. ಮಧ್ಯೆ ನನಗೆ ಒಂದು ದಿನ ರಜೆ. ವಾಪಸ್ ಬಂದಾಗ ಗೋಡೆ ಕಡೆ ತಿರುಗಿ ಮಲಗಿದ್ದರು. ಕೂಗಿದರೆ ಕಣ್ಣು ಬಿಟ್ಟು "ಹೂಂ" ಅನ್ನುವುದು, ಮತ್ತೆ ಕಣ್ಣು ಮುಚ್ಚುವುದು. ತಟ್ಟೆಯಲ್ಲಿ ಊಟ ಹಾಗೇ ಇತ್ತು. ಬಿಪಿ, ನಾಡಿ, ಜ್ವರ, ಆಕ್ಸಿಜನ್ ನೋಡಿದೆ, ಎಲ್ಲ ಸರಿ ಇತ್ತು. ಚಾರ್ಟ್‌ನಲ್ಲಿ "ಶಾಂತವಾಗಿದ್ದಾರೆ, ಸಹಕರಿಸುತ್ತಾರೆ, ದೂರಿಲ್ಲ" ಅಂತ ಬರೆದೆ. ಅವತ್ತು ನನ್ನ ಪಾಲಿಗೆ 14 ಪೇಷೆಂಟ್. ಪಕ್ಕದ ಬೆಡ್‌ನ ತಾತ ಡ್ರಿಪ್ ಕಿತ್ತುಕೊಂಡು ಎರಡು ಸಲ ಎದ್ದು ಹೊರಟಿದ್ದರು. ಇಡೀ ದಿನ ಅವರ ಹಿಂದೆಯೇ ಓಡಿದ್ದಾಯಿತು.

ಸಂಜೆ ಅಜ್ಜಿಯ ಮಗಳು ಬಂದರು. ಒಂದು ನಿಮಿಷ ಮುಖ ನೋಡಿದರು ಅಷ್ಟೇ. "ನಮ್ಮಮ್ಮ ಹೀಗಿಲ್ಲ ಸಿಸ್ಟರ್, ಏನೋ ಆಗಿದೆ" ಅಂದರು. ನೈಟ್ ಡ್ಯೂಟಿಗೆ ಬಂದ ಸೀನಿಯರ್ ಸಿಸ್ಟರ್ ಹೊದಿಕೆ ಸರಿಸಿ ಹೊಟ್ಟೆ ಮೇಲೆ ಕೈಯಿಟ್ಟರು. ಹೊಕ್ಕುಳ ಕೆಳಗೆ ಚೆಂಡಿನ ಹಾಗೆ ಗಟ್ಟಿ. ಮೂತ್ರ ಕಟ್ಟಿಕೊಂಡಿತ್ತು. ಕ್ಯಾತಿಟರ್ ಹಾಕಿದಾಗ 900 ಎಂಎಲ್ ಬಂತು. ಕೇಳಿ ನೋಡಿದರೆ ಐದು ದಿನದಿಂದ ಮಲವಿಸರ್ಜನೆಯೂ ಆಗಿಲ್ಲ. ನನ್ನ ರಜೆಯ ದಿನ ನಿದ್ದೆ ಬರಲಿ ಅಂತ ಒಂದು ಹಳೇ ಅಲರ್ಜಿ ಮಾತ್ರೆ ಶುರು ಮಾಡಿದ್ದರು. ಅದನ್ನು ನಿಲ್ಲಿಸಿದರು. ಎರಡು ದಿನದಲ್ಲಿ ಅಜ್ಜಿ ಮತ್ತೆ ಅಜ್ಜಿ ಆದರು.

ಇಡೀ ದಿನ ಆ ಬೆಡ್ ಪಕ್ಕ ಓಡಾಡಿದವಳು ನಾನು. ಕಾಣಿಸಲೇ ಇಲ್ಲ. ನೀವು ಮೊದಲು ಏನು ನೋಡುತ್ತೀರಿ?

ಹಳೇ ಕೈ:

ಬೈಯುವುದಿಲ್ಲಮ್ಮಾ. ಇದೇ ತಪ್ಪು ನಾನೂ ಮಾಡಿದ್ದೇನೆ, ಅದೂ ಒಂದು ಸಲ ಅಲ್ಲ.

ನೀನು ನೋಡಿದ್ದು ಡೆಲಿರಿಯಂ, ಅಂದರೆ ಮೈಯಲ್ಲಿ ಬೇರೇನೋ ಕೆಟ್ಟಾಗ ದಿಢೀರನೆ ಬರುವ ಗೊಂದಲ. ಆ ಹೆಸರು ಕೇಳಿದರೆ ನಮಗೆಲ್ಲ ನೆನಪಾಗುವುದು ಕೂಗಾಡುವವರು, ಸೂಜಿ ಕೀಳುವವರು, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುವವರು. ವಯಸ್ಸಾದವರಲ್ಲಿ ಸುಮ್ನೆ ಮುದುಡಿ ಮಲಗುವ ಬಗೆಯೂ ತುಂಬಾ ಇದೆ. ಅವರಿಂದ ಯಾರಿಗೂ ತೊಂದರೆ ಇಲ್ಲ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ಪಕ್ಕದ ಬೆಡ್ ತಾತನಿಗೂ ನಿನ್ನ ಅಜ್ಜಿಗೂ ಬಹುಶಃ ಒಂದೇ ತೊಂದರೆ ಇತ್ತು. ತಾತನಿಗೆ ಇಡೀ ವಾರ್ಡ್ ಓಡಿತು. ಅಜ್ಜಿಗೆ ಒಳ್ಳೇ ಪೇಷೆಂಟ್ ಅಂತ ಹೆಸರು ಬಂತು.

ಮೊದಲು ಏನು ನೋಡುತ್ತೀರಿ ಅಂದೆ. ನಾನು ಮೊದಲು ಕೇಳುತ್ತೇನೆ: "ಇವರು ಹದಿನೈದು ದಿನದ ಹಿಂದೆ ಹೇಗಿದ್ದರು?" ಮಗಳು, ಸೊಸೆ, ಮನೆಯಲ್ಲಿ ನೋಡಿಕೊಳ್ಳುವವರು, ಯಾರು ಸಿಕ್ಕರೂ ಸರಿ. "ಚೆನ್ನಾಗಿದ್ದರು" ಅನ್ನುವ ಉತ್ತರಕ್ಕೆ ಬಿಡಬಾರದು. ಬಚ್ಚಲಿಗೆ ತಾವೇ ಹೋಗುತ್ತಿದ್ದರಾ? ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದರಾ? ಮಾತ್ರೆ ಯಾರು ತೆಗೆದುಕೊಡುತ್ತಿದ್ದರು? ಮೊಮ್ಮಕ್ಕಳ ಹೆಸರು ತಪ್ಪುತ್ತಿದ್ದರಾ? ರಾತ್ರಿ ಎಷ್ಟು ಸಲ ಏಳುತ್ತಿದ್ದರು? ಇಪ್ಪತ್ತರ ಹುಡುಗನಿಗೆ ಪುಸ್ತಕದ ನಾರ್ಮಲ್ ಸಾಕು. ಎಂಬತ್ತರವರಿಗೆ ಅವರದೇ ನಾರ್ಮಲ್ ಗೊತ್ತಿರಬೇಕು. ಅದು ಬೇಸ್‌ಲೈನ್. ಅದಿಲ್ಲದೆ ನೀನು ಅಳೆದದ್ದನ್ನೆಲ್ಲ ಯಾವುದಕ್ಕೆ ಹೋಲಿಸುತ್ತೀಯ?

ಆ ಮಗಳ ಹತ್ತಿರ ಯಾವ ಉಪಕರಣವೂ ಇರಲಿಲ್ಲ ನೋಡು. ಬೇಸ್‌ಲೈನ್ ಇತ್ತು. ಒಂದು ನಿಮಿಷ ಸಾಕಾಯಿತು.

ವಾರ್ಡ್ ನಂಬರ್ ಮೂರು:

ಹೇಳುವುದು ಸುಲಭ. 14 ಪೇಷೆಂಟ್ ಇದ್ದಾಗ ಯಾರ ಮೊಮ್ಮಕ್ಕಳ ಹೆಸರು ಕೇಳುತ್ತಾ ಕೂರುವುದು?

ಕಾಲೇಜು ಮೇಡಂ:

ಪಾಠ ಮಾಡುವವಳು ನಾನು, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಡೆಲಿರಿಯಂ ಗುರುತಿಸಲು ಶ್ಯಾರನ್ ಇನೂಯೆ ಅವರ ತಂಡ 1990ರಲ್ಲಿ ಕ್ಯಾಮ್ ಅನ್ನುವ ವಿಧಾನ ಕೊಟ್ಟಿತು. ನಾಲ್ಕೇ ಅಂಶ. ಒಂದು, ಬದಲಾವಣೆ ದಿಢೀರನೆ ಶುರುವಾಗಿ ದಿನದಲ್ಲಿ ಏರಿಳಿತ ಇದೆಯಾ. ಎರಡು, ಗಮನ ನಿಲ್ಲುತ್ತಾ. ಮೂರು, ಮಾತಿಗೆ ಮಾತು ಹೊಂದುತ್ತಾ. ನಾಲ್ಕು, ಎಚ್ಚರದ ಮಟ್ಟ ಬದಲಾಗಿದೆಯಾ, ಅಂದರೆ ಮಂಪರು ಅಥವಾ ಅತಿಯಾದ ಚಡಪಡಿಕೆ. ಮೊದಲ ಎರಡೂ ಇದ್ದು, ಉಳಿದೆರಡರಲ್ಲಿ ಒಂದಿದ್ದರೆ ಡೆಲಿರಿಯಂ ಅಂತ ಅನುಮಾನಿಸಿ ಡಾಕ್ಟರಿಗೆ ಹೇಳಬೇಕು. ಮೊದಲನೆಯದಕ್ಕೆ ಉತ್ತರ ಬೇಸ್‌ಲೈನ್ ಗೊತ್ತಿದ್ದರೆ ಮಾತ್ರ ಸಿಗುತ್ತದೆ. ಹಳೇ ಕೈ ಅವರು ಹೇಳಿದ್ದು ಇದನ್ನೇ.

ಗಮನ ಪರೀಕ್ಷಿಸಲು ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳಿಸಿ. 4ಎಟಿ ಅನ್ನುವ ಚಿಕ್ಕ ಪರೀಕ್ಷೆಯಲ್ಲೂ ಇದೇ ಇದೆ. 7 ತಿಂಗಳು ಸರಿಯಾಗಿ ಹೇಳಿದರೆ ಸಾಕು. ತಿಂಗಳ ಹೆಸರು ಬಾರದವರಿಗೆ ವಾರಗಳನ್ನು ಹಿಂದಕ್ಕೆ ಹೇಳಿಸಿ ನೋಡುತ್ತೇನೆ. ಅದು ಲೆಕ್ಕಕ್ಕೆ ಬರುವುದಿಲ್ಲ, ಆದರೂ ಗಮನ ಎಲ್ಲಿ ಜಾರುತ್ತದೆ ಅಂತ ಕಾಣುತ್ತದೆ.

ಇನ್ನು ದಿನನಿತ್ಯದ ಕೆಲಸಗಳಿಗೆ ಕಾಟ್ಜ್ ಪಟ್ಟಿ. 1963ರದ್ದು. ಸ್ನಾನ, ಬಟ್ಟೆ, ಶೌಚಾಲಯಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ. ಒಂದೊಂದಕ್ಕೆ ಒಂದು ಅಂಕ, ಒಟ್ಟು 6. ಲಾಟನ್ ಮತ್ತು ಬ್ರೋಡಿ 1969ರಲ್ಲಿ ಇನ್ನೊಂದು ಮೆಟ್ಟಿಲು ಮೇಲಿನದನ್ನು ಸೇರಿಸಿದರು: ಫೋನ್ ಬಳಸುವುದು, ದುಡ್ಡಿನ ಲೆಕ್ಕ, ಮಾತ್ರೆ ನಿಭಾಯಿಸುವುದು, ಅಡುಗೆ, ಓಡಾಟ, ಇಂಥವು. ಮರೆವು ಶುರುವಾದಾಗ ಮೊದಲು ಕೈಕೊಡುವುದು ಈ ಎರಡನೇ ಪಟ್ಟಿಯವು. ಸ್ನಾನ ಮಾಡುತ್ತಾರೆ, ಊಟ ಮಾಡುತ್ತಾರೆ, ಆದರೆ ಕರೆಂಟ್ ಬಿಲ್ ಎರಡು ಸಲ ಕಟ್ಟಿರುತ್ತಾರೆ.

ಮತ್ತೊಂದು ಮಾತು. "ಮಾಡಬಲ್ಲಿರಾ?" ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಮರ್ಯಾದೆ ಪ್ರಶ್ನೆ ಅಲ್ವಾ. ಮಾಡಿಸಿ ನೋಡಿ. ಲೋಟ ಕೈಗೆ ಕೊಡಿ.

ವಾರ್ಡ್ ನಂಬರ್ ಮೂರು:

ಮೇಡಂ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಕಾಟ್ಜ್, ದಿನನಿತ್ಯದ ಕೆಲಸಕ್ಕೇ ಇನ್ನೊಂದು ಬಾರ್ತೆಲ್, ಬೆಡ್‌ಸೋರ್ (ಹಾಸಿಗೆ ಹುಣ್ಣು) ಅಪಾಯಕ್ಕೆ ಬ್ರೇಡನ್, ಬೀಳುವ ಅಪಾಯಕ್ಕೆ ಮೋರ್ಸ್, ನೋವಿನ ಸ್ಕೇಲ್, ಊಟದ ಸ್ಕೇಲ್. ನಮ್ಮ ವಾರ್ಡ್‌ನಲ್ಲಿ ಅಡ್ಮಿಷನ್ ಫೈಲ್‌ನಲ್ಲಿ ಫಾರಂಗಳೇ ಅರ್ಧ ಇಂಚು. ಎಲ್ಲರೂ ಏನು ಮಾಡುತ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಹಿಂದಿನ ದಿನದ ಅಂಕ ನೋಡಿ ಅದನ್ನೇ ಬರೆಯುತ್ತಾರೆ. ಹೋದ ತಿಂಗಳು ಒಬ್ಬರ ಬ್ರೇಡನ್ ಆರು ದಿನ 19 ಇತ್ತು. ಏಳನೇ ದಿನ ಹಿಮ್ಮಡಿಯಲ್ಲಿ ನೀರುಗುಳ್ಳೆ. ಕಾಗದದ ಮೇಲೆ ಪೇಷೆಂಟ್ ಆರಾಮಾಗಿದ್ದರು.

ಕಾಲೇಜು ಮೇಡಂ:

ಅದು ಸ್ಕೇಲ್ ತಪ್ಪಾ, ಬರೆದವರ ತಪ್ಪಾ? ಬ್ರೇಡನ್‌ನಲ್ಲಿ ಅಂಕ 6ರಿಂದ 23. ಕಡಿಮೆ ಆದಷ್ಟೂ ಅಪಾಯ ಜಾಸ್ತಿ, 18 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಚ್ಚರ. ಆರು ದಿನ ಒಂದೇ ಅಂಕ ಅಂದರೆ ಯಾರೂ ಅಳೆದಿಲ್ಲ ಅಂತ ಅರ್ಥ.

ವಾರ್ಡ್ ನಂಬರ್ ಮೂರು:

ಅಳೆಯಲು ಜನ ಬೇಕಲ್ಲ ಮೇಡಂ.

ಹಳೇ ಕೈ:

ಇಬ್ಬರೂ ಸರಿ, ಜಗಳ ಬೇಡ. ನಾನು ಮಾಡುವುದು ಹೇಳುತ್ತೇನೆ. ಅಸೆಸ್‌ಮೆಂಟ್‌ಗೆ ಬೇರೆ ಸಮಯ ನನಗೂ ಸಿಗುವುದಿಲ್ಲ. ಮೈ ಒರೆಸುವಾಗಲೇ ಮುಗಿಸುತ್ತೇನೆ.

ಹತ್ತಿರ ಹೋಗಿ ಹೆಸರಿಡಿದು ಮಾತಾಡಿಸುತ್ತೇನೆ. ತಿರುಗಿ ನೋಡಿದರಾ, ಮಾತು ಮುಗಿಯುವವರೆಗೆ ನನ್ನ ಮುಖದ ಮೇಲೆ ಕಣ್ಣು ನಿಂತಿತಾ? ಅಲ್ಲಿಗೆ ಗಮನದ ಪರೀಕ್ಷೆ ಅರ್ಧ ಆಯಿತು. ಕೈ ಹಿಡಿದು ನಾಡಿ ನೋಡುತ್ತೇನೆ, ಪೂರ್ತಿ ಒಂದು ನಿಮಿಷ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಳೆಯರಿಗೆ ಸರಿ. ವಯಸ್ಸಾದವರಲ್ಲಿ ಬಡಿತ ತಾಳ ತಪ್ಪುವುದು ಸಾಮಾನ್ಯ, ಅವಸರದಲ್ಲಿ ಎಣಿಸಿದರೆ ಸಿಕ್ಕುವುದೇ ಇಲ್ಲ. ಹಾಗೇ ಉಸಿರು ಎಣಿಸುತ್ತೇನೆ, ಅವರಿಗೆ ಗೊತ್ತಾಗದ ಹಾಗೆ. ಎಲ್ಲರೂ ಸುಮ್ನೆ 18 ಅಂತ ಬರೆಯುವುದು ಇದೊಂದನ್ನೇ. ಆದರೆ ಎದೆಯ ಸೋಂಕಿನಲ್ಲಿ ಮೊದಲು ಏರುವುದು ಇದೇ ಸಂಖ್ಯೆ, ಎಷ್ಟೋ ಸಲ ಜ್ವರಕ್ಕೂ ಮುಂಚೆ.

ಆಮೇಲೆ ಬಾಯಿ. ಟಾರ್ಚ್ ಹಾಕಿ ನೋಡು. ಅರ್ಧ ಕರಗಿದ ಮಾತ್ರೆ ಕೆನ್ನೆಯ ಸಂದಿಯಲ್ಲಿ ಅಂಟಿರುತ್ತದೆ. ಚಾರ್ಟ್‌ನಲ್ಲಿ "ಕೊಡಲಾಯಿತು". ನಾಲಿಗೆ ಒಣಗಿದೆಯಾ, ಬಿಳಿ ಪದರ ಇದೆಯಾ, ಹಲ್ಲಿನ ಸೆಟ್ ಸಡಿಲ ಆಗಿದೆಯಾ. "ಊಟ ಬೇಡ ಅನ್ನುತ್ತಾರೆ" ಅನ್ನುವ ದೂರಿಗೆ ಉತ್ತರ ಬಾಯಲ್ಲೇ ಸಿಕ್ಕಿದ್ದು ನನಗೆ ಲೆಕ್ಕ ಇಲ್ಲದಷ್ಟು ಸಲ. ನೀರು ಕಡಿಮೆ ಆಗಿದೆಯಾ ಅಂತ ಕೈ ಹಿಂಬದಿಯ ಚರ್ಮ ಎಳೆದು ನೋಡಬೇಡ, ಆ ವಯಸ್ಸಿಗೆ ಅದು ಹೇಗೂ ನಿಧಾನವಾಗಿಯೇ ಇಳಿಯುತ್ತದೆ. ಎದೆಮೂಳೆ ಮೇಲೆ ನೋಡಿದರೆ ಸ್ವಲ್ಪ ವಾಸಿ. ಅದನ್ನೂ ಪೂರ್ತಿ ನಂಬಬೇಡ.

ಹೊಟ್ಟೆ ಮೇಲೆ ಕೈ. ಇದನ್ನು ನಿನಗೆ ಮತ್ತೆ ಹೇಳಬೇಕಾಗಿಲ್ಲ.

ಮಗ್ಗುಲು ಹೊರಳಿಸಿದಾಗ ಬೆನ್ನ ಕೊನೆ, ಸೊಂಟದ ಎರಡು ಬದಿ. ಕೊನೆಗೆ ಸಾಕ್ಸ್ ಬಿಚ್ಚಿ ಹಿಮ್ಮಡಿ. ಸಾಕ್ಸ್ ಬಿಚ್ಚದೆ ಯಾರೂ ಹಿಮ್ಮಡಿ ನೋಡಿದೆ ಅಂತ ಬರೆಯಬಾರದು. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡು. ಬಿಳಿಚಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಕೆಂಪು ಹಾಗೇ ಇದ್ದರೆ ಬೆಡ್‌ಸೋರ್ ಮೊದಲ ಹಂತ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಕಾಣುವುದೇ ಇಲ್ಲ. ಪುಸ್ತಕದ ಚಿತ್ರಗಳಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅಲ್ಲಿ ಕೈ ಹಿಂಬದಿ ಇಟ್ಟು ನೋಡು, ಸುತ್ತಲಿಗಿಂತ ಬಿಸಿ ಅಥವಾ ತಣ್ಣಗಿದೆಯಾ, ಗಟ್ಟಿಯಾಗಿದೆಯಾ, ಮೆತ್ತಗಾಗಿದೆಯಾ. ಮುಟ್ಟಿದರೆ ಮುಖ ಹಿಂಡುತ್ತಾರಾ. ಮತ್ತೆ ಆ ಜಾಗವನ್ನು ತಿಕ್ಕಿ ಮಸಾಜ್ ಮಾಡಬೇಡ. ನಮ್ಮ ಕಾಲದಲ್ಲಿ ಮಾಡುತ್ತಿದ್ದೆವು. ಒಳಗಿನ ಮಾಂಸ ಇನ್ನಷ್ಟು ಹಾಳಾಗುತ್ತದೆ. ಗಾಳಿ ತುಂಬಿದ ರಿಂಗ್ ಕೂಡ ಬೇಡ, ಸುತ್ತ ಒತ್ತಿ ಮಧ್ಯಕ್ಕೆ ರಕ್ತ ಹೋಗುವುದು ಕಡಿಮೆ ಆಗುತ್ತದೆ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ತೇಲುವಂತೆ ಬಿಟ್ಟರೆ ಸಾಕು.

ಇಷ್ಟೆಲ್ಲ ಹತ್ತು ನಿಮಿಷ. ಮೈ ಹೇಗೂ ಒರೆಸಲೇಬೇಕಲ್ಲ.

ಎರಡನೇ ವರ್ಷದ ಸಿಸ್ಟರ್:

ನಮ್ಮಲ್ಲಿ ಮೈ ಒರೆಸುವುದು ಸಹಾಯಕಿಯರು. ಈಗ ಯೋಚಿಸಿದರೆ ಅವತ್ತು ಬೆಳಗ್ಗೆ ಸಹಾಯಕಿ ನನಗೆ "ಅಜ್ಜಿ ಇವತ್ತು ಯಾಕೋ ಬೈಯಲೇ ಇಲ್ಲ" ಅಂದಿದ್ದರು. ದಿನಾ ನೀರು ತಣ್ಣಗಿದೆ ಅಂತ ಬೈಯುತ್ತಿದ್ದರಂತೆ. ನಾನು ನಕ್ಕು ಸುಮ್ಮನಾದೆ.

ಹಳೇ ಕೈ:

ನೋಡಿದೆಯಾ. ಅವತ್ತಿನ ಅತ್ಯುತ್ತಮ ಅಸೆಸ್‌ಮೆಂಟ್ ಅದೇ.

ಅಮ್ಮನ ಮಗ:

ನಾನು ನರ್ಸ್ ಅಲ್ಲ, ಮನೆಯಲ್ಲಿ ಅಮ್ಮನನ್ನು ನೋಡಿಕೊಳ್ಳುತ್ತೇನೆ. ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ಅಮ್ಮನಿಗೆ 79, ಮರೆವಿನ ಕಾಯಿಲೆ ನಾಲ್ಕು ವರ್ಷದಿಂದ. ಒಂದೇ ತಿಂಗಳಲ್ಲಿ ರಾತ್ರಿ ಮೂರು ಸಲ ಬಿದ್ದರು, ಮೂರು ಸಲವೂ ಬಾತ್‌ರೂಮಿಗೆ ಹೋಗುವಾಗ. ಮಂಚಕ್ಕೆ ಎರಡು ಕಡೆ ಕಂಬಿ ಹಾಕಿಸೋಣ ಅಂತಿದ್ದೇನೆ. ರಾತ್ರಿ ಡಯಾಪರ್ ಕೂಡ. ಸರೀನಾ?

ಫಿಸಿಯೋ:

ಧಾರಾಳವಾಗಿ ಬರೆಯಿರಿ ಸರ್. ಕಂಬಿ ಹಾಕಿಸುವ ಮುಂಚೆ ನಾಲ್ಕು ವಿಷಯ.

ಮರೆವು ಇರುವವರಿಗೆ ಕಂಬಿ ಯಾಕಿದೆ ಅಂತ ನೆನಪಿರುವುದಿಲ್ಲ. ಮೂತ್ರಕ್ಕೆ ಅವಸರ ಆದರೆ ಹತ್ತಿ ದಾಟುತ್ತಾರೆ. ಆಗ ಬೀಳುವುದು ಇನ್ನೂ ಎತ್ತರದಿಂದ. ಕಂಬಿ ಸಂದಿಯಲ್ಲಿ ಕೈಕಾಲು ಅಷ್ಟೇ ಅಲ್ಲ, ಕತ್ತು ಸಿಕ್ಕಿಕೊಂಡದ್ದೂ ಉಂಟು. ಅದರ ಬದಲು ಮಂಚವನ್ನೇ ತಗ್ಗಿಸಿ. ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಮಂಚದಿಂದ ಬಾತ್‌ರೂಮಿನ ತನಕ ಸಣ್ಣ ದೀಪ, ದಾರಿಯಲ್ಲಿ ಕಾಲೊರೆಸು ಬಟ್ಟೆ ಬೇಡ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯೂ ಬೇಡ. ಬೇಕಾದರೆ ಮಂಚದ ಪಕ್ಕ ಕಮೋಡ್ ಕುರ್ಚಿ.

ಎರಡನೆಯದು ಬಿಪಿ. ಐದು ನಿಮಿಷ ಮಲಗಿಸಿ ಒಂದು ಸಲ ನೋಡಿ, ನಿಲ್ಲಿಸಿದ ಒಂದನೇ ನಿಮಿಷಕ್ಕೆ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ನಿಂತಾಗ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಎದ್ದಾಗ ತಲೆಸುತ್ತಿ ಬೀಳುತ್ತಿದ್ದಾರೆ ಅಂತ ಅನುಮಾನ ಪಡಬಹುದು. ಕುಳಿತಾಗ ಮಾತ್ರ ನೋಡುವ ಬಿಪಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಿಲ್ಲಿಸುವಾಗ ಒಬ್ಬರು ಪಕ್ಕದಲ್ಲಿ ಇರಲೇಬೇಕು.

ನಡಿಗೆ ಹೇಗಿದೆ ಅಂತ ನೋಡಲು ಸುಲಭದ ಪರೀಕ್ಷೆ ಒಂದಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. 12 ಸೆಕೆಂಡಿಗಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ನನಗೆ ಸೆಕೆಂಡಿಗಿಂತ ಆ ತಿರುಗುವ ಜಾಗ ಮುಖ್ಯ. ಎಷ್ಟು ಪುಟ್ಟ ಹೆಜ್ಜೆ ಇಡುತ್ತಾರೆ, ಯಾವುದನ್ನು ಹಿಡಿಯಲು ಕೈ ಚಾಚುತ್ತಾರೆ ಅಂತ ನೋಡಿ.

ಇನ್ನು ಆ ತಿಂಗಳಲ್ಲಿ ಯಾವುದಾದರೂ ಹೊಸ ಮಾತ್ರೆ ಬಂತಾ?

ಅಮ್ಮನ ಮಗ:

ಬಿಪಿಗೆ ಒಂದು ಹೊಸ ಮಾತ್ರೆ ಬಂದಿದೆ ಸರ್. ರಾತ್ರಿ ಊಟ ಆದಮೇಲೆ ಕೊಡುತ್ತೇನೆ. ಅದು ಬಂದಮೇಲೆ ಮೂತ್ರ ಜಾಸ್ತಿ.

ಮನೆ ನರ್ಸ್:

ಮೂತ್ರ ಹೆಚ್ಚು ಮಾಡುವ ಬಿಪಿ ಮಾತ್ರೆ ಇರಬಹುದು. ಅಂಥದ್ದನ್ನು ರಾತ್ರಿ ತೆಗೆದುಕೊಂಡರೆ ರಾತ್ರಿಯೆಲ್ಲ ಏಳುತ್ತಾರೆ. ನೀವೇ ನಿಲ್ಲಿಸಬೇಡಿ, ನೀವೇ ಸಮಯವನ್ನೂ ಬದಲಿಸಬೇಡಿ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ "ಬೆಳಗ್ಗೆ ಕೊಡಬಹುದಾ, ಬೀಳುತ್ತಿದ್ದಾರೆ" ಅಂತ ಕೇಳಿ. ಮೂರು ಸಲ ಬಿದ್ದದ್ದನ್ನು ಕಡ್ಡಾಯವಾಗಿ ಹೇಳಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಇವತ್ತೇ ಹೇಳಿ. ತಲೆಗೆ ಪೆಟ್ಟಾಗಿದ್ದರೆ ಒಳಗಿನ ರಕ್ತಸ್ರಾವ ದಿನಗಳು, ವಾರಗಳು ಬಿಟ್ಟೂ ಗೊತ್ತಾಗಬಹುದು.

ನಾನು ಮನೆಗಳಿಗೆ ಹೋಗಿ ನೋಡಿಕೊಳ್ಳುವವಳು. ಹೊಸ ಮನೆಗೆ ಹೋದ ದಿನ ಮೊದಲ ಕೆಲಸ, ಮನೆಯಲ್ಲಿರುವ ಎಲ್ಲ ಮಾತ್ರೆ ಒಂದು ಮೇಜಿನ ಮೇಲೆ ಸುರಿಸುವುದು. ಡ್ರಾಯರ್, ದಿಂಬಿನ ಕೆಳಗೆ, ಹ್ಯಾಂಡ್‌ಬ್ಯಾಗ್, ಎಲ್ಲ ಕಡೆಯಿಂದ. ಒಬ್ಬ ಡಾಕ್ಟರ್ ಬರೆದ ಬಿಪಿ ಮಾತ್ರೆ, ಇನ್ನೊಬ್ಬರು ಬರೆದ ಅದೇ ಮಾತ್ರೆ ಬೇರೆ ಕಂಪನಿ ಹೆಸರಲ್ಲಿ. ಎರಡೂ ನುಂಗುತ್ತಿರುತ್ತಾರೆ. ಮೇಲೆ ಹೇಳಿದ ಅಜ್ಜಿಗೆ ಕೊಟ್ಟಂಥ ಹಳೇ ಅಲರ್ಜಿ ಮಾತ್ರೆ, ನೆಗಡಿ ಮಾತ್ರೆ, ಕೆಲವು ನಿದ್ದೆ ಮಾತ್ರೆ ವಯಸ್ಸಾದವರಿಗೆ ತುಂಬಾ ಕೆಟ್ಟದ್ದು. ಬಾಯಿ ಒಣಗಿಸುತ್ತದೆ, ಮಲ ಕಟ್ಟುತ್ತದೆ, ಮೂತ್ರ ಕಟ್ಟುತ್ತದೆ, ತಲೆ ಮಂಕಾಗುತ್ತದೆ. ವಯಸ್ಸಾದವರಿಗೆ ಆದಷ್ಟು ಬೇಡ ಅನ್ನುವ ಔಷಧಿಗಳ ಬಿಯರ್ಸ್ ಪಟ್ಟಿ 1991ರಿಂದಲೂ ಇದೆ, ಆಗಾಗ ಪರಿಷ್ಕರಿಸುತ್ತಾರೆ. ಅದರಲ್ಲಿ ಇವೆಲ್ಲ ಬರುತ್ತವೆ.

ಡಯಾಪರ್ ಬಗ್ಗೆ. ಮೂತ್ರ ಬಂತು ಅಂತ ಅವರಿಗೆ ಗೊತ್ತಾಗುತ್ತಿದೆ, ಎದ್ದು ಹೋಗುತ್ತಿದ್ದಾರೆ. ಅದು ಇನ್ನೂ ಉಳಿದಿರುವ ಶಕ್ತಿ ಸರ್. ಡಯಾಪರ್ ಹಾಕಿ "ಅದರಲ್ಲೇ ಮಾಡಮ್ಮಾ" ಅಂದರೆ ಆ ಶಕ್ತಿ ಹೋಗುತ್ತದೆ. ನಾನಾದರೆ ಮಲಗುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಿ, ಅವರು ಸಾಮಾನ್ಯವಾಗಿ ಏಳುವ ಹೊತ್ತಿಗೆ ಸ್ವಲ್ಪ ಮುಂಚೆ ಅಲಾರಂ ಇಟ್ಟು ಇನ್ನೊಮ್ಮೆ ಕರೆದುಕೊಂಡು ಹೋಗುತ್ತೇನೆ.

ಸೊಸೆ:

ಇವೆಲ್ಲ ಓದಲು ಚೆನ್ನಾಗಿದೆ. ನನ್ನ ಅತ್ತೆಗೆ ಎರಡು ವರ್ಷ ರಾತ್ರಿ ಮೂರು ಸಲ ಎದ್ದವಳು ನಾನು. ಬೆಳಗ್ಗೆ ಆಫೀಸ್. ಕೊನೆಗೆ ರಾತ್ರಿ ಹೊತ್ತು ಡಯಾಪರ್ ಹಾಕಿದೆ, ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ನಾನು ಬಿದ್ದಿದ್ದರೆ ಅವರನ್ನು ನೋಡುವವರು ಯಾರಿದ್ದರು? ಆ ಮಗನಿಗೆ ನಿದ್ದೆ ಬರುತ್ತಿದೆಯಾ ಅಂತ ಯಾರೂ ಕೇಳಲಿಲ್ಲ.

ಮನೆ ನರ್ಸ್:

ಸರಿಯಾದ ಮಾತು ಅಕ್ಕಾ. ಒಪ್ಪಿದೆ. ನೋಡಿಕೊಳ್ಳುವವರ ಸ್ಥಿತಿಯೂ ಅಸೆಸ್‌ಮೆಂಟ್‌ನ ಭಾಗವೇ, ನಾನು ಕೇಳಬೇಕಿತ್ತು. ಸರ್, ನಿಮಗೆ ನಿದ್ದೆ ಹೇಗಿದೆ? ಹಗಲು ಬೇರೆ ಯಾರಾದರೂ ಇರುತ್ತಾರಾ?

ಅಮ್ಮನ ಮಗ:

ತಂಗಿ ಭಾನುವಾರ ಬರುತ್ತಾಳೆ. ನಿದ್ದೆ ವಿಷಯ ಬಿಡಿ. ಕೇಳಿದ್ದಕ್ಕೆ ಥ್ಯಾಂಕ್ಸ್.

ಮನೆ ನರ್ಸ್:

ವಾರಕ್ಕೆ ಎರಡು ರಾತ್ರಿ ತಂಗಿಗೆ ಬಿಟ್ಟುಕೊಡಿ. ಇದನ್ನೂ ಔಷಧಿ ಅಂದುಕೊಳ್ಳಿ.

ವಾರ್ಡ್ ನಂಬರ್ ಮೂರು:

ಕಂಬಿ ವಿಷಯಕ್ಕೆ ಬಂದಿದ್ದರಿಂದ ಕೇಳುತ್ತೇನೆ. ಡ್ರಿಪ್ ಕೀಳುವ ಪೇಷೆಂಟ್‌ಗೆ ಕೈ ಕಟ್ಟದೆ ಏನು ಮಾಡಬೇಕು? ಕಟ್ಟಬಾರದು ಅಂತ ಎಲ್ಲರೂ ಹೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಬಂದು ನಿಲ್ಲುವವರು ಯಾರೂ ಇಲ್ಲ.

ಹಳೇ ಕೈ:

ಕಟ್ಟಿದರೆ ಇನ್ನೂ ಹೆದರುತ್ತಾರೆ, ಇನ್ನೂ ಎಳೆಯುತ್ತಾರೆ. ಮಣಿಕಟ್ಟಿನ ಚರ್ಮ ಕಿತ್ತು ಹೋದದ್ದನ್ನು ನೋಡಿದ್ದೇನೆ. ನನ್ನ ಮೊದಲ ಪ್ರಶ್ನೆ, ಆ ಡ್ರಿಪ್ ಇನ್ನೂ ಬೇಕಾ? ಎಷ್ಟೋ ಸಲ ಬೇಡದೆಯೂ ನೇತಾಡುತ್ತಿರುತ್ತದೆ. ಕ್ಯಾತಿಟರ್ ಕೂಡ ಹಾಗೇ, ಯಾರೋ ಹಾಕಿದರು, ತೆಗೆಯಲು ಯಾರಿಗೂ ನೆನಪಿಲ್ಲ. ಸೋಂಕು ಅಲ್ಲಿಂದಲೇ. ಬೇಕೇ ಬೇಕು ಅಂದರೆ ಸೂಜಿ ಜಾಗಕ್ಕೆ ಬ್ಯಾಂಡೇಜ್ ಸುತ್ತಿ ತೋಳಿನ ಬಟ್ಟೆ ಎಳೆದುಬಿಡು, ಕಣ್ಣಿಗೆ ಕಾಣದಿದ್ದರೆ ಕೈ ಹೋಗುವುದು ಕಡಿಮೆ. ಕೈಗೆ ಮಡಚಲು ಒಂದು ಟವಲ್ ಕೊಡು.

ಆದರೂ ಆಗದ ರಾತ್ರಿಗಳು ಇರುತ್ತವೆ. ಇಲ್ಲ ಅನ್ನುವುದಿಲ್ಲ. ಅಂಥ ರಾತ್ರಿ ಮೂತ್ರ, ಮಲ, ನೋವು, ಬಾಯಾರಿಕೆ, ಆಕ್ಸಿಜನ್, ಶುಗರ್, ಇಷ್ಟನ್ನು ನೋಡದೆ ನಿದ್ದೆ ಇಂಜೆಕ್ಷನ್‌ಗೆ ಫೋನ್ ಮಾಡಬೇಡ. ಅಷ್ಟೇ ನನ್ನ ನಿಯಮ.

ಮನೆ ನರ್ಸ್:

ನೋವು ಅಂದಿರಲ್ಲ. ಮರೆವು ಜಾಸ್ತಿ ಆದವರು ನೋವು ಅಂತ ಹೇಳುವುದಿಲ್ಲ. ಮೈ ಮುಟ್ಟಿದರೆ ಹೊಡೆಯುತ್ತಾರೆ, ನಾವು "ಗಲಾಟೆ ಪೇಷೆಂಟ್" ಅಂತ ಬರೆಯುತ್ತೇವೆ. ಪೇನ್ಯಾಡ್ ಅಂತ ಒಂದು ಸ್ಕೇಲ್ ಇದೆ. ಉಸಿರಾಟ, ನರಳುವ ದನಿ, ಮುಖ, ಮೈಯ ಬಿಗುವು, ಸಮಾಧಾನ ಮಾಡಿದರೆ ಆಗುತ್ತಾರಾ, ಈ ಐದಕ್ಕೆ 0ಯಿಂದ 2. ಮಲಗಿದ್ದಾಗ ನೋಡಿ ಸೊನ್ನೆ ಕೊಡಬೇಡಿ, ಮಗ್ಗುಲು ಹೊರಳಿಸುವಾಗ ನೋಡಿ.

ಹಾಗೇ ಒಂದು ಸಣ್ಣ ವಿಷಯ. ಮಲ ನೀರಾಗಿ ಸೋರುತ್ತಿದೆ ಅಂದ ತಕ್ಷಣ ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ. ಒಳಗೆ ಗಟ್ಟಿ ಮಲ ಅಡ್ಡ ಕೂತು ಅದರ ಪಕ್ಕದಿಂದ ನೀರು ಸೋರುತ್ತಿರಬಹುದು. ಮಾತ್ರೆ ಕೊಟ್ಟರೆ ಇನ್ನೂ ಕಟ್ಟುತ್ತದೆ.

ಅಮ್ಮನ ಮಗ:

ಇನ್ನೊಂದು ಪ್ರಶ್ನೆ. ಅಮ್ಮ ಒಂದೊಂದು ದಿನ ಜಾಸ್ತಿ ಗೊಂದಲ ಪಡುತ್ತಾರೆ. ಜ್ವರ ನೋಡಿದರೆ 37.4 ಡಿಗ್ರಿ ಸೆಲ್ಸಿಯಸ್, ಅಂದರೆ ಜ್ವರ ಇಲ್ಲ ಅಲ್ವಾ? ಮೂತ್ರ ಪರೀಕ್ಷೆ ಮಾಡಿಸಿದರೆ ಪ್ರತಿ ಸಲ "ಇನ್‌ಫೆಕ್ಷನ್" ಅಂತ ಬರುತ್ತದೆ.

ಕಾಲೇಜು ಮೇಡಂ:

ಚೆನ್ನಾಗಿರುವಾಗ ಅಮ್ಮನಿಗೆ ಎಷ್ಟಿರುತ್ತದೆ ಅಂತ ಒಂದು ವಾರ ಬರೆದಿಡಿ. ವಯಸ್ಸಾದವರ ಮೈ ತಣ್ಣಗೇ ಇರುತ್ತದೆ. ಮಾಮೂಲಿ 36.2 ಇರುವವರಿಗೆ 37.4 ಬಂದರೆ ಅದು ಜ್ವರವೇ, 1.1 ಡಿಗ್ರಿಗಿಂತ ಜಾಸ್ತಿ ಏರಿದೆ. ಇಲ್ಲೂ ಬೇಸ್‌ಲೈನ್! ಕೆಲವು ಬಿಪಿ ಮಾತ್ರೆಗಳು ನಾಡಿ ಏರಲು ಬಿಡುವುದಿಲ್ಲ, ಹಾಗಾಗಿ ನಾಡಿ ಸರಿ ಇದೆ ಅಂತಲೂ ನಿಶ್ಚಿಂತೆ ಬೇಡ. ಹೃದಯಾಘಾತ ಕೂಡ ಎದೆನೋವಿಲ್ಲದೆ ಬರಬಹುದು, ಬರೀ ಉಸಿರುಕಟ್ಟು ಅಥವಾ ಸುಸ್ತು.

ಮೂತ್ರದ ವಿಷಯ ಸ್ವಲ್ಪ ಸೂಕ್ಷ್ಮ. ಈ ವಯಸ್ಸಿನ ಹೆಂಗಸರಲ್ಲಿ ಏನೂ ತೊಂದರೆ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಾಣಿಸುವುದು ಸಾಮಾನ್ಯ. ಉರಿ, ಜ್ವರ, ಕೆಳಹೊಟ್ಟೆ ನೋವು ಯಾವುದೂ ಇಲ್ಲದೆ ಬರೀ ರಿಪೋರ್ಟ್ ನೋಡಿ ಆಂಟಿಬಯೋಟಿಕ್ ಕೊಟ್ಟರೆ ಗೊಂದಲದ ನಿಜವಾದ ಕಾರಣ ಹಾಗೇ ಉಳಿಯುತ್ತದೆ. ಡಾಕ್ಟರ್ ಹತ್ತಿರ ಹೋದಾಗ "ಗೊಂದಲ ಯಾವಾಗ ಶುರು, ಹಿಂದಿನ ದಿನ ಏನು ಬದಲಾಗಿತ್ತು" ಅಂತ ಬರೆದುಕೊಂಡು ಹೋಗಿ. ರಿಪೋರ್ಟ್‌ಗಿಂತ ಆ ಚೀಟಿ ಉಪಯೋಗಕ್ಕೆ ಬರುತ್ತದೆ.

ಎರಡನೇ ವರ್ಷದ ಸಿಸ್ಟರ್:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನದಿಂದ ಓದುತ್ತಾ ಇದ್ದೆ, ಉತ್ತರ ಬರೆಯಲು ಆಗಲಿಲ್ಲ.

ಒಂದು ಬದಲಾವಣೆ ಮಾಡಿದ್ದೇವೆ. ಹ್ಯಾಂಡೋವರ್‌ನಲ್ಲಿ, ಅಂದರೆ ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಪೇಷೆಂಟ್ ವಿಷಯ ಒಪ್ಪಿಸುವಾಗ, ಎಪ್ಪತ್ತು ದಾಟಿದ ಪ್ರತಿಯೊಬ್ಬರಿಗೂ ಒಂದು ಸಾಲು ಜಾಸ್ತಿ: "ಮನೆಯಲ್ಲಿ ಹೇಗಿದ್ದರು, ನಿನ್ನೆ ಹೇಗಿದ್ದರು, ಇವತ್ತು ಹೇಗಿದ್ದಾರೆ." ಸಹಾಯಕಿಯರನ್ನೂ ಹ್ಯಾಂಡೋವರ್‌ಗೆ ಕರೆಯುತ್ತಿದ್ದೇವೆ. ಎರಡನೇ ದಿನವೇ ಒಬ್ಬರು "ಆ ಅಜ್ಜ ಇವತ್ತು ಎಡಗೈ ಎತ್ತಲಿಲ್ಲ, ನಾನೇ ಅಂಗಿ ಹಾಕಿದೆ" ಅಂದರು. ಡಾಕ್ಟರನ್ನು ಓಡಿಹೋಗಿ ಕರೆದೆವು.

ಅಜ್ಜಿ ಡಿಸ್ಚಾರ್ಜ್ ಆದರು. ಹೋಗುವ ಮುಂಚೆ ತಿಂಗಳುಗಳನ್ನು ಹಿಂದಕ್ಕೆ ಹೇಳಿಸಿದೆ. ಡಿಸೆಂಬರ್‌ನಿಂದ ಏಪ್ರಿಲ್ ತನಕ ಸರಾಗವಾಗಿ ಹೇಳಿದರು. ಅಲ್ಲಿ ನಿಲ್ಲಿಸಿ, "ಮುಂದಿನದು ನೀನು ಹೇಳು" ಅಂದರು. ನಾನು ಫೆಬ್ರವರಿ ಅಂದುಬಿಟ್ಟೆ. ಪಕ್ಕದಲ್ಲಿ ಮಗಳು ಜೋರಾಗಿ ನಕ್ಕರು. ಅಜ್ಜಿ ನಗಲಿಲ್ಲ. "ನಿನಗೆ ನಿದ್ದೆ ಸಾಲುತ್ತಿಲ್ಲ" ಅಂದರು.

ಸೊಸೆ:

ಅಜ್ಜಿಯ ಅಸೆಸ್‌ಮೆಂಟ್ ಸರಿಯಾಗಿದೆ.

ಫಿಸಿಯೋ:

ಆ ಡ್ರಿಪ್ ಕಿತ್ತ ತಾತನ ಕಥೆ ಏನಾಯಿತು?

ಎರಡನೇ ವರ್ಷದ ಸಿಸ್ಟರ್:

ಹೇಳಲು ನಾಚಿಕೆ. ಅವರು ಬಂದಾಗ ಶ್ರವಣಯಂತ್ರ ಕಳೆದುಹೋಗಬಾರದು ಅಂತ ಕವರ್‌ನಲ್ಲಿ ಹಾಕಿ ಲಾಕರ್‌ನಲ್ಲಿ ಇಟ್ಟಿದ್ದೆವು. ಕನ್ನಡಕವೂ ಅದರಲ್ಲೇ. ನಾಲ್ಕು ದಿನ ನಾವು ಹೇಳಿದ್ದು ಅವರಿಗೆ ಒಂದೂ ಕೇಳಿಸಿರಲಿಲ್ಲ. ಎರಡನ್ನೂ ಹಾಕಿದ ಮೇಲೆ ಮೊದಲು ಕೇಳಿದ್ದು, "ಇದು ಯಾವ ಜಾಗ?"